ಓಟಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಮಕ್ಕಳ ಚೀಲದೊಳಗೆ ಒಂದು ಹಾಳೆ ಮನೆಗೆ ಬರುತ್ತದೆ. 'ನನ್ನ ಮಗು ಆಟೋಟಗಳಿಗೆ ದೈಹಿಕವಾಗಿ ಸಮರ್ಥವಾಗಿದೆ' ಎಂಬ ಸಾಲಿನ ಕೆಳಗೆ ಪೋಷಕರ ಸಹಿ ಬೇಕು. ಬೆಳಗಿನ ಗಡಿಬಿಡಿಯಲ್ಲಿ, ಓದುವ ವ್ಯವಧಾನವೂ ಇಲ್ಲದೆ, ಅದಕ್ಕೆ ಸಹಿ ಬೀಳುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಆದರೆ ಆ ಸಾಲು ಕೇಳುವುದು ನಮ್ಮ ಮಗುವಿನ ಹೃದಯದ ಕುರಿತು.

2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್ ಪಂದ್ಯ ನಡೆದಿತ್ತು. ಕ್ಯಾಮರೂನಿನ ಆಟಗಾರ ಮಾರ್ಕ್ ವಿವಿಯನ್ ಫೋ ಯಾರೂ ತಾಗದೆಯೇ ಮೈದಾನದ ನಡುವೆ ಕುಸಿದುಬಿದ್ದು ಅಸುನೀಗಿದರು. ಅವರಿಗಾಗ 28 ವರ್ಷ. ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಅವರಿಗಿದ್ದುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು. ಹೊರಗೆ ಉಕ್ಕಿನಂಥ ಮೈಕಟ್ಟು, ಒಳಗೆ ಮೌನವಾದ ಅಪಾಯ!

ಇಂಥ ಸಾವುಗಳನ್ನು ತಡೆಯುವಲ್ಲಿ ಇಟಲಿ ದೇಶ ದಾರಿ ತೋರಿದೆ. ಸ್ಪರ್ಧಾತ್ಮಕ ಕ್ರೀಡೆಗೆ ಇಳಿಯುವವರೆಲ್ಲರಿಗೂ ಇಸಿಜಿ ಸಹಿತ ವೈದ್ಯಕೀಯ ತಪಾಸಣೆಯನ್ನು ಅದು 1982ರಲ್ಲಿ ಕಡ್ಡಾಯಗೊಳಿಸಿತು. ವೆನೆಟೋ ಪ್ರಾಂತ್ಯದಲ್ಲಿ ತಪಾಸಣೆಗೆ ಮುನ್ನ ಯುವ ಕ್ರೀಡಾಪಟುಗಳ ಹಠಾತ್ ಹೃದಯಸಂಬಂಧಿ ಸಾವು ವರ್ಷಕ್ಕೆ ಲಕ್ಷಕ್ಕೆ 3.6ರಷ್ಟಿತ್ತು, 2004ರ ವೇಳೆಗೆ ಅದು 0.4ಕ್ಕೆ ಇಳಿಯಿತು. ಪಾದುವಾ ನಗರದ ಕೇಂದ್ರದಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ನೂರಕ್ಕೆ ಇಬ್ಬರಿಗೆ 'ನೀನು ಸ್ಪರ್ಧಿಸಬಾರದು' ಎಂದು ಹೇಳಬೇಕಾಯಿತು.

ಆ ಇಬ್ಬರನ್ನು ನಾನು ಆಗಾಗ ನೆನೆಯುತ್ತೇನೆ. ಓಟವೇ ಉಸಿರಾಗಿರುವ ಹದಿನೈದರ ಹುಡುಗಿಗೆ ಆ ಮಾತು ಎಷ್ಟು ಕಠೋರ! ತಂಡದಿಂದ ಹೊರಬೀಳುವ ಭಯದಿಂದಲೇ ಮಕ್ಕಳು ತಲೆಸುತ್ತನ್ನು ಮುಚ್ಚಿಡುತ್ತಾರೆ. ಪದಕದ ಆಸೆಯಿಂದ ಹಿರಿಯರೂ ಕೆದಕಿ ಕೇಳುವುದಿಲ್ಲ. ಪದಕವಿಲ್ಲದಿದ್ದರೂ ನೀನು ನಮಗೆ ಅಷ್ಟೇ ಬೆಲೆಯುಳ್ಳವಳು ಎಂಬ ಭರವಸೆ ಮನೆಯಲ್ಲಿದ್ದರೆ ಮಾತ್ರ ಮಗು ಸತ್ಯ ನುಡಿದೀತು.

ತಪಾಸಣೆಯೇ ಸರ್ವಸ್ವವೂ ಅಲ್ಲ. ಇಟಲಿಯ ಕ್ಲಬ್ಬಿನಲ್ಲಿದ್ದು, ಅಲ್ಲಿನ ಪರೀಕ್ಷೆಗಳಿಗೆ ಒಳಪಟ್ಟಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದರು. ಅವರನ್ನು ಉಳಿಸಿದ್ದು ತಕ್ಷಣ ಎದೆಯೊತ್ತಿದ ಕೈಗಳು ಮತ್ತು ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರ. ಎದೆಯಲ್ಲಿ ಹೃದಯರಕ್ಷಕ ಸಾಧನ ಅಳವಡಿಸಿಕೊಂಡ ಅವರಿಗೆ ಇಟಲಿಯ ನಿಯಮ ಆಡಗೊಡಲಿಲ್ಲ. 2022ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಆಡಿದರು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿ ದೇಶದೇಶಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ಹೃದ್ರೋಗ ಸಂಘವು ಎಲ್ಲ ಮಕ್ಕಳಿಗೂ ಇಸಿಜಿ ಕಡ್ಡಾಯವಾಗಲಿ ಎನ್ನುವುದಿಲ್ಲ. ಕುಟುಂಬದ ಚರಿತ್ರೆಗೂ ವೈದ್ಯರ ದೈಹಿಕ ಪರೀಕ್ಷೆಗೂ ಒತ್ತು ಕೊಡುತ್ತದೆ.

ಆ ಚರಿತ್ರೆಯನ್ನು ಬಲ್ಲವರು ನಾವೇ. ಓಡುವಾಗ ಮಗು ಎಂದಾದರೂ ಪ್ರಜ್ಞೆ ತಪ್ಪಿತ್ತೇ? ಎದೆನೋವು, ಮಿತಿಮೀರಿದ ಏದುಸಿರು ಕಂಡಿತ್ತೇ? ನಮ್ಮ ವಂಶದಲ್ಲಿ ಐವತ್ತು ತುಂಬುವ ಮೊದಲೇ ಯಾರಾದರೂ ಹೃದ್ರೋಗದಿಂದ, ಇಲ್ಲವೇ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡರೇ? ಯಾವುದಕ್ಕಾದರೂ 'ಹೌದು' ಎಂದಾದರೆ ಮೈದಾನಕ್ಕಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಇವನ್ನು ಕೇಳಲು ಹಣ ಬೇಡ, ಯಂತ್ರ ಬೇಡ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಜ್ಜಿಯನ್ನೂ ಕರೆದು ಕೇಳಿದರೆ ಸಾಕು. ಸಹಿ ಆಮೇಲೆ ಹಾಕೋಣ.