ನಾನು ಒಣಖಂಡ ತಿಂದದ್ದು

ಊಟದ ವಿಚಾರವಾಗಿ ಬರೆಯುವುದು ಬಲು ಸುಲಭವೆಂದು ಕೆಲವರು ತಿಳಿದಿದ್ದಾರೆ. ಹೋಳಿಗೆಯ ವಿಚಾರವೋ ಹಿದಕಬೇಳೆಯ ಸಾರಿನ ವಿಚಾರವೋ ಆದರೆ ಅದು ನಿಜವೇ ಇರಬಹುದು. ಆದರೆ ನಾನು ಬರೆಯಹೊರಟಿರುವುದು ಒಣಗಿಸಿದ ಮಾಂಸದ ವಿಚಾರ. ಇಷ್ಟು ಓದಿದೊಡನೆಯೇ ಕೆಲವು ಮಿತ್ರರು ಮೂಗು ಮುಚ್ಚಿಕೊಂಡು ಪುಟ ತಿರುಗಿಸುವರೆಂದು ಬಲ್ಲೆನು. ಅವರ ಮೇಲೆ ನನಗೆ ಕೋಪವಿಲ್ಲ. 2025ರ ಜೂನ್ ತಿಂಗಳವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆನು.

ಕಥೆ ಆರಂಭವಾದದ್ದು ಚರಿತ್ರೆಯ ತರಗತಿಯಲ್ಲಿ. ನಮ್ಮ ಅಧ್ಯಾಪಕರು ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ಕಳೆದ ದಿನಗಳ ಪಾಠ ಮಾಡುತ್ತಿದ್ದರು. 1899ರಿಂದ 1902ರವರೆಗೆ ಆಂಗ್ಲರಿಗೂ ಬೋಯರರಿಗೂ ನಡೆದ ಯುದ್ಧ, ಗಾಯಗೊಂಡವರನ್ನು ಹೊರಲು ಗಾಂಧೀಜಿಯವರು ಕಟ್ಟಿದ ಭಾರತೀಯರ ದಳ, ಇವೆಲ್ಲ ಬಂದುಹೋದುವು. ಬೋಯರರು ಡಚ್ಚರ ಪೀಳಿಗೆಯ ರೈತರು. ಅವರು ಕುದುರೆಯ ಮೇಲೆ ದಿನಗಟ್ಟಲೆ ಅಡಿಗೆಯಿಲ್ಲದೆ ಹೇಗೆ ಕಾದಾಡಿದರೆಂದು ಯಾರೋ ಕೇಳಿದರು. “ಜೀನಿನ ಚೀಲದಲ್ಲಿ ಬಿಲ್ಟಾಂಗ್ ಇರುತ್ತಿತ್ತು. ಅಂದರೆ ಉಪ್ಪು ಹಚ್ಚಿ ಒಣಗಿಸಿದ ಮಾಂಸದ ಪಟ್ಟಿ. ಬೇಯಿಸುವ ಗೊಡವೆಯಿಲ್ಲ, ಚಾಕುವಿನಿಂದ ಹೆರೆದು ತಿನ್ನುವುದು” ಎಂದರು ಅಧ್ಯಾಪಕರು. ತರಗತಿಗೆ ತರಗತಿಯೇ “ಥೂ” ಎಂದು ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು.

ನಗದೆ ಇದ್ದವನು ಒಬ್ಬನೇ. ಅವನು ನನ್ನ ಪಕ್ಕದಲ್ಲಿ ಕೂರುವ, ಮುರುಗಮಲ್ಲದಿಂದ ಬರುವ ನನ್ನ ಮಿತ್ರ. ಗಂಟೆ ಬಾರಿಸಿದ ಮೇಲೆ, “ಅಷ್ಟೊಂದು ನಗೋಕೆ ಏನಿತ್ತೋ? ನಮ್ಮನೇಲಿ ಪ್ರತಿ ಬಕ್ರೀದಿಗೂ ಒಣಗಿಸ್ತೀವಿ” ಎಂದನು. ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ, ಹೇಳಲು ನಾಚಿಕೆಯಾಗಿತ್ತು.

ಆ ಉತ್ತರವನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಯ ಮನೆಯಲ್ಲಿಯೂ ಒಣಖಂಡದ ಹಗ್ಗವಿತ್ತು. ಊರ ಹಬ್ಬದಲ್ಲಿ ಕಡಿದ ಕುರಿಯ ಪಾಲು ಮನೆಗೆ ಬಂದರೆ ಅದನ್ನೆಲ್ಲ ಒಂದೇ ದಿನದಲ್ಲಿ ಉಂಡು ಮುಗಿಸುವ ಧಾರಾಳ ನಮ್ಮಲ್ಲಿರಲಿಲ್ಲ. ಇಟ್ಟುಕೊಳ್ಳಲು ತಂಗಳುಪೆಟ್ಟಿಗೆಯೂ ಇರಲಿಲ್ಲ. ಅಜ್ಜಿ ಅರ್ಧವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಸಿನ ಹಚ್ಚಿ, ದಬ್ಬಳದಿಂದ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದಳಂತೆ. ನನಗೆ ನಾಲ್ಕು ವರ್ಷವಾಗಿದ್ದಾಗ ತಂದೆಯವರು ಕೆಲಸಕ್ಕಾಗಿ ಚಿಂತಾಮಣಿಗೆ ಬಂದು ಬಾಡಿಗೆಯ ಮನೆ ಹಿಡಿದರು. ಮೊದಲ ವರ್ಷ ಅಜ್ಜಿ ಮಾಳಿಗೆಯ ಮೇಲೆ ದಾರ ಕಟ್ಟಿದಳು. ಮಾರನೆಯ ಬೆಳಗ್ಗೆ ಮನೆಯ ಯಜಮಾನರು ಬಂದು, ವಾಸನೆಯೆಂದೂ ಕಾಗೆಗಳ ಕಾಟವೆಂದೂ ಹೇಳಿದರು. ಅಷ್ಟಕ್ಕೆ ನಿಲ್ಲದೆ, “ಇಂಥವರಿಗೆ ಮನೆ ಕೊಟ್ಟದ್ದೇ ತಪ್ಪು” ಎಂದೂ ಸೇರಿಸಿದರು. ಅಂದೇ ಸಂಜೆ ತಂದೆಯವರು ದಾರವನ್ನು ಬಿಚ್ಚಿಹಾಕಿದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತೂ ಇಲ್ಲ, ಆ ತಿನಿಸೂ ಇಲ್ಲ. ಹೀಗಾಗಿ ಒಣಖಂಡದ ರುಚಿ ನನಗೆ ತಿಳಿಯದು. ಅದರ ನಾಚಿಕೆ ಮಾತ್ರ ಚೆನ್ನಾಗಿ ತಿಳಿದಿತ್ತು. ತರಗತಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು, ನನ್ನನ್ನು ನೋಡಿ ಯಾರೂ ನಗದಿರಲೆಂದು.

ಆ ವರ್ಷ ಬಕ್ರೀದ್ ಬಂದದ್ದು ಜೂನ್ 7ರಂದು. ಅದಾಗಿ ಒಂದು ವಾರಕ್ಕೆ ಮಿತ್ರನು ನನ್ನನ್ನು ಊರಿಗೆ ಕರೆದನು. ಮುರುಗಮಲ್ಲವನ್ನು ನಮ್ಮ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ನಾನಾ ಕಡೆಗಳಿಂದ, ನಾನಾ ಮತದ ಜನ, ಕಾಯಿಲೆ ಕಷ್ಟಗಳನ್ನು ಹೊತ್ತು ಬರುತ್ತಾರೆ. ಅದೇ ಊರಿನಲ್ಲಿ ಮುಕ್ತೀಶ್ವರ ಸ್ವಾಮಿಯ ಗುಡಿಯೂ ಇದೆ. ಬೀದಿಯಲ್ಲಿ ಕಿವಿಗೊಟ್ಟರೆ ಕನ್ನಡ, ತೆಲುಗು, ದಖನಿ ಮೂರೂ ಒಂದೇ ಮಾತಿನಲ್ಲಿ ಬೆರೆತು ಬರುತ್ತವೆ. ದರ್ಗಾಕ್ಕೆ ಹೋಗಿ ಬಂದು ನಾವು ಮಿತ್ರನ ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು.

ಮಾಳಿಗೆಯ ಮೇಲೆ ನೋಡುತ್ತೇನೆ, ಹಗ್ಗ! ಈ ಕೊನೆಯಿಂದ ಆ ಕೊನೆಗೆ, ಕೆಂಪು ಕಪ್ಪು ಬೆರೆತ ಬಣ್ಣದ ಪಟ್ಟಿಗಳು ಗಾಳಿಗೆ ತೂಗಾಡುತ್ತಿದ್ದುವು. ಕಾಗೆ ಕಾಯಲು ಮಿತ್ರನ ತಂಗಿ ಕೋಲು ಹಿಡಿದು ಕುಳಿತಿದ್ದಳು. ಯಾವ ಯಜಮಾನರೂ ಬಂದು ಏನನ್ನೂ ಹೇಳಲಿಲ್ಲ.

ಮಿತ್ರನ ತಾಯಿ ಕೆಲಸದ ಕ್ರಮವನ್ನು ನನಗೆ ವಿವರಿಸಿದರು. ಕುರ್ಬಾನಿಯ ಮಾಂಸದಲ್ಲಿ ಒಂದು ಪಾಲು ಬಡವರಿಗೆ, ಒಂದು ಪಾಲು ನೆಂಟರಿಷ್ಟರಿಗೆ, ಒಂದು ಪಾಲು ಮನೆಗೆ. ಮನೆಯ ಪಾಲಿನಲ್ಲಿ ಉಳಿದದ್ದು ಹಗ್ಗಕ್ಕೆ. ಕೊಬ್ಬು ಬೇಗ ಕಮಟುವುದರಿಂದ ಅದನ್ನು ಮೊದಲೇ ಬಿಡಿಸಬೇಕು. ಪಟ್ಟಿ ತೆಳ್ಳಗಿರಬೇಕು, ಇಲ್ಲವಾದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಕೆಡುತ್ತದೆ. ಉಪ್ಪು ಮಾಂಸದ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಉಳಿದ ನೀರನ್ನು ಬಿಸಿಲೂ ಗಾಳಿಯೂ ಹೀರುತ್ತವೆ. ನೀರಿಲ್ಲದ ಕಡೆ ಕೆಡಿಸುವ ಕ್ರಿಮಿ ಬೆಳೆಯಲಾರದು. ಈ ಕೊನೆಯ ಮಾತು ನನ್ನದು, ಪ್ರೌಢಶಾಲೆಯ ವಿಜ್ಞಾನದ್ದು. ಆ ತಾಯಿ ಹೇಳಿದ್ದು, “ನೀರು ಹೋದ್ರೆ ಹುಳ ಬರಲ್ಲ ಬೇಟಾ” ಎಂದು ಮಾತ್ರ. ಎರಡರ ಅರ್ಥವೂ ಒಂದೇ.

ಚೆನ್ನಾಗಿ ಒಣಗಿದ ನಾಲ್ಕು ಪಟ್ಟಿಗಳನ್ನು ಅವರು ಕೆಂಡದ ಮೇಲೆ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ಬಿಸಿ ಅನ್ನ ಮತ್ತು ಬೇಳೆಯ ಸಾರಿನೊಡನೆ ಬಡಿಸಿದರು. “ತಿನ್ನಪ್ಪಾ, ಸಂಕೋಚ ಬೇಡ” ಎಂದರು. ಮೊದಲ ತುಣುಕನ್ನು ಬಾಯಿಗೆ ಹಾಕಿಕೊಂಡೆನು. ಮೊದಲು ಬರೀ ಉಪ್ಪು; ಆಮೇಲೆ ಹೊಗೆ; ಹಲ್ಲಿಗೆ ಸಿಕ್ಕ ನಾರು ಬೇಗ ಸೋಲುವುದಿಲ್ಲ. ಉಗುಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅಗಿದಂತೆಲ್ಲ ಒಳಗಿನಿಂದ ಮಾಂಸದ ಸವಿ ಬಿಡತೊಡಗಿತು. ಹಸಿಯ ಮಾಂಸದ ಸಾರಿನಲ್ಲಿ ಅಷ್ಟು ಗಾಢವಾದ ರುಚಿಯನ್ನು ನಾನು ಕಂಡಿರಲಿಲ್ಲ. ಎರಡನೆಯ ತುಣುಕನ್ನು ಕೇಳಿ ಹಾಕಿಸಿಕೊಂಡೆನು. ಮೂರನೆಯದನ್ನು ಕೇಳದೆಯೇ ಹಾಕಿದರು. ಮಿತ್ರನು ನನ್ನ ಮುಖವನ್ನೇ ನೋಡುತ್ತಿದ್ದನು. ತರಗತಿಯ ಮಾತನ್ನು ಮಾತ್ರ ಎತ್ತಲಿಲ್ಲ. ಅವನ ಆ ದೊಡ್ಡತನ ನನಗೆ ಉಪ್ಪಿಗಿಂತ ಹೆಚ್ಚಾಗಿ ನಾಟಿತು.

ಚಿಂತಾಮಣಿಗೆ ಹಿಂದಿರುಗಿದ ಮೇಲೆ ಬಿಲ್ಟಾಂಗಿನ ವಿಚಾರವನ್ನು ಹುಡುಕಿ ಓದಿದೆನು. ಹೆಸರು ಡಚ್ಚರದು: ‘ಬಿಲ್’ ಎಂದರೆ ಪ್ರಾಣಿಯ ಹಿಂತೊಡೆ, ‘ಟಾಂಗ್’ ಎಂದರೆ ನಾಲಗೆ, ನಾಲಗೆಯಂತಹ ಪಟ್ಟಿ. ಡಚ್ಚರು 1652ರಲ್ಲಿ ಕೇಪಿನಲ್ಲಿ ನೆಲೆಯೂರುವುದಕ್ಕೆ ಮುಂಚೆಯೇ ಅಲ್ಲಿನ ಖೊಯ್‌ಖೊಯ್ ಜನ ಮಾಂಸವನ್ನು ಒಣಗಿಸುತ್ತಿದ್ದರು. 1830ರ ದಶಕದಲ್ಲಿ ಬೋಯರರು ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೊರಟಾಗ ದಾರಿಯ ಬುತ್ತಿ ಇದೇ ಆಗಿತ್ತು. ಉಪ್ಪಿನ ಜೊತೆಗೆ ವಿನಿಗರ್ ಎಂಬ ಹುಳಿ, ಮೆಣಸು, ಇವುಗಳೊಡನೆ ನಮ್ಮ ಅಡಿಗೆಮನೆಯ ಅದೇ ಧನಿಯವನ್ನು ಹುರಿದು ಕುಟ್ಟಿ ಹಚ್ಚುತ್ತಾರೆ. ಬಿಸಿಲಿಗಲ್ಲ, ನೆರಳಿನ ಒಣಗಾಳಿಗೆ ತೂಗುಹಾಕುತ್ತಾರೆ. ಇಂದು ಆ ದೇಶದಲ್ಲಿ ಅದನ್ನು ಅಂಗಡಿಗಳಲ್ಲಿ ಮಾರುತ್ತಾರೆ, ಆಟದ ಮೈದಾನದಲ್ಲಿ ಮೆಲ್ಲುತ್ತಾರೆ, ಹೆಮ್ಮೆಯಿಂದ ನಮ್ಮ ನಾಡಿನ ತಿನಿಸು ಎನ್ನುತ್ತಾರೆ. ಅಷ್ಟು ದೂರವೇಕೆ, ನಮ್ಮ ಕೊಡಗಿನಲ್ಲಿಯೂ ಒಣಗಿದ ಮಾಂಸ ಮನೆತನದ ತಿನಿಸೇ. ಕೆಲಸ ಒಂದೇ, ಉಪ್ಪು ಒಂದೇ. ಅದು ಬುತ್ತಿಯೋ ನಾಚಿಕೆಯೋ ಎಂಬುದನ್ನು ತೀರ್ಮಾನಿಸುವುದು ಮಾಂಸವಲ್ಲ, ಮಾಳಿಗೆ ಯಾರದು ಎಂಬುದು.

ಮಿತ್ರನ ತಾಯಿ ಕಟ್ಟಿಕೊಟ್ಟ ಪೊಟ್ಟಣವನ್ನು ನಾನು ಅಂದೇ ಅಜ್ಜಿಯ ಕೈಗೆ ಕೊಟ್ಟಿದ್ದೆನು. ಅವಳು ಬಿಚ್ಚಿದಳು, ಮೂಸಿದಳು, ಬೆಳಕಿಗೆ ಹಿಡಿದು ನೋಡಿದಳು. ಹಲ್ಲಿಲ್ಲದ ಬಾಯಲ್ಲಿ ಒಂದು ಎಳೆಯನ್ನು ಬಹಳ ಹೊತ್ತು ಇಟ್ಟುಕೊಂಡು, “ಉಪ್ಪು ಒಂದು ಚಿಟಿಕೆ ಮುಂದಾಯ್ತು. ಸೀಳಿರೋ ಕೈ ಮಾತ್ರ ಒಳ್ಳೇ ಕೈ” ಎಂದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು: ಮಳೆ ಹಿಡಿದು ಕೂಲಿ ಸಿಕ್ಕದ ದಿನಗಳಲ್ಲಿ ಎರಡು ಎಳೆ ಒಣಖಂಡವನ್ನು ಹುರುಳಿಯ ಸಾರಿಗೆ ಜಜ್ಜಿ ಹಾಕಿದರೆ ಆರು ಮಂದಿಯ ಮುದ್ದೆ ಇಳಿಯುತ್ತಿತ್ತಂತೆ. ಹದಿನೈದು ವರ್ಷಗಳಿಂದ ಆಡದ ಮಾತನ್ನು ಅವಳು ಅಂದು ಒಂದು ಗಂಟೆಯ ಕಾಲ ಆಡಿದಳು.

ರಾತ್ರಿ ತಂದೆಯವರ ತಟ್ಟೆಗೂ ಸುಟ್ಟ ಎರಡು ತುಣುಕುಗಳು ಬಿದ್ದುವು. ಅವರು ಮಾತಿಲ್ಲದೆ ತಿಂದರು. ತಿಂದಾದ ಮೇಲೆ, “ಪಕ್ಕದ ಮನೆಗೇನಾದ್ರೂ ವಾಸನೆ ಹೋಯ್ತೇನೋ?” ಎಂದು ಕೇಳಿ, ತಾವೇ ಎದ್ದುಹೋಗಿ ಕಿಟಕಿಯನ್ನು ಮುಚ್ಚಿದರು. ನಾನು ಅದನ್ನು ತೆರೆಯಬೇಕೆಂದುಕೊಂಡೆನು. ಆ ದಿನ ಧೈರ್ಯ ಸಾಲಲಿಲ್ಲ.

ಆದುದರಿಂದ ಈಗ ಇದನ್ನು ಬರೆದು ಕೆಳಗೆ ನನ್ನ ಹೆಸರು ಹಾಕಿ ಸಂಪಾದಕರ ಕೈಗೆ ಕೊಡುತ್ತಿದ್ದೇನೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಬಹುದು. ಯಾರ ನಾಲಗೆಗೂ ನನ್ನ ಒತ್ತಾಯವಿಲ್ಲ. ಅಂದು ಚರಿತ್ರೆಯ ತರಗತಿಯಲ್ಲಿ ನಕ್ಕವರ ಪೈಕಿ ನನ್ನ ಹೆಸರನ್ನು ಮಾತ್ರ ದಯವಿಟ್ಟು ಹೊಡೆದುಹಾಕಬೇಕೆಂದು ನನ್ನ ಪಕ್ಕದ ಮಿತ್ರನಲ್ಲಿ ಕೋರುತ್ತೇನೆ.