ಸ್ಟಿಯರಿಂಗ್ ಕೊಡದಿದ್ದರೇನಂತೆ

ಪ್ರೀತಿಯ ಪುಟ್ಟು,

ನಿನ್ನ ಮೆಸೇಜು ರಾತ್ರಿ ಹನ್ನೊಂದೂವರೆಗೆ ಬಂತು. ಅಷ್ಟುದ್ದ ನೀನು ಯಾವತ್ತೂ ಬರೆದವನಲ್ಲ, ಓದುವ ಮೊದಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಕಾಲೇಜಿನ ರೇಸ್ ಕಾರು ಓಡಿಸುವ ಕೆಲಸ ಇನ್ನೊಬ್ಬನಿಗಂತೆ, ಜಡ್ಜ್‌ಗಳ ಮುಂದೆ ನಿಂತು ಕಾರಿನ ಬಗ್ಗೆ ಮಾತಾಡುವುದು ನಿನಗಂತೆ. "ನಾನೇನು ಕಾಮೆಂಟರಿ ಹೇಳೋಕೆ ಹುಟ್ಟಿದೀನಾ ಅಕ್ಕಾ?" ಅಂತ ಬೇರೆ ಕೇಳಿದ್ದೀಯ. ಹುಟ್ಟಿದ್ದೀಯ ಕಣೋ! ಅಜ್ಜಿಮನೆ ಜಗಲಿಯಲ್ಲಿ ಇರುವೆ ಸಾಲಿಗೂ ಕಾಮೆಂಟರಿ ಹೇಳುತ್ತಿದ್ದವನು ನೀನು. ಮುಖ ಊದಿಸಿಕೊಳ್ಳಬೇಡ, ತಮಾಷೆಗೆ ಅಂದೆ.

ಕರುಣ್ ಚಾಂಡೋಕ್ ನಿನಗೆ ಗೊತ್ತಲ್ಲ? ಟಿವಿಯಲ್ಲಿ ಎರಡು ಕಾರುಗಳ ಲ್ಯಾಪನ್ನು ಅಕ್ಕಪಕ್ಕ ಇಟ್ಟು, ಯಾರು ಎಲ್ಲಿ ಬ್ರೇಕ್ ತಡವಾಗಿ ಒತ್ತಿದರು ಅಂತ ತೋರಿಸುವವರು. ಚೆನ್ನೈನವರು, 1984ರಲ್ಲಿ ಹುಟ್ಟಿದವರು. ತಾತ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು, ಅಪ್ಪನೂ ರೇಸರ್. ನಾರಾಯಣ್ ಕಾರ್ತಿಕೇಯನ್ ನಂತರ ಫಾರ್ಮುಲಾ ಒನ್‌ಗೆ ಹೋದ ಎರಡನೇ ಭಾರತೀಯ. ಆದರೆ ಹೋದ ರೀತಿ ಕೇಳಿದರೆ ನಿನ್ನ ಸಂಕಟ ಸ್ವಲ್ಪ ಇಳಿದೀತು.

2010ರ ಮಾರ್ಚ್, ಬಹ್ರೇನ್. ಹಿಸ್ಪಾನಿಯಾ ಅನ್ನುವ ಹೊಸ ತಂಡ. ಶುಕ್ರವಾರ ಎರಡು, ಶನಿವಾರ ಒಂದು, ಹೀಗೆ ಮೂರು ಅಭ್ಯಾಸಗಳು ಮುಗಿದರೂ ಇವರ ಕಾರು ಸಿದ್ಧವಾಗಲಿಲ್ಲ. ಅದನ್ನು ಮೊದಲ ಸಲ ಓಡಿಸಿದ್ದೇ ಅರ್ಹತಾ ಸುತ್ತಿನಲ್ಲಿ! ನೀನಾದರೆ ಚಿಕ್ಕಪ್ಪನ ಸ್ಕೂಟರನ್ನೂ ಬ್ರೇಕ್ ಒತ್ತಿ ನೋಡದೆ ರಸ್ತೆಗೆ ಇಳಿಸುವುದಿಲ್ಲ. 24 ಕಾರುಗಳಲ್ಲಿ 24ನೇ ಜಾಗ ಸಿಕ್ಕಿತು. ಮಾರನೇ ದಿನ ಎರಡನೇ ಲ್ಯಾಪಿಗೇ ಕಾರು ಉಬ್ಬಿನ ಮೇಲೆ ಕೈತಪ್ಪಿ ಗುದ್ದಿಕೊಂಡಿತು.

ಮುಂದಿನ ರೇಸು ಮೆಲ್ಬರ್ನ್‌ನಲ್ಲಿ, ಅದೇ ಕಾರನ್ನು 14ನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಮೊನಾಕೊದಲ್ಲಿ ರೇಸು ಮುಗಿಯಲು ಕೆಲವೇ ಲ್ಯಾಪ್ ಇದ್ದಾಗ ಯಾರ್ನೊ ಟ್ರುಲ್ಲಿಯ ಕಾರು ಇವರ ಕಾರಿನ ಮೇಲೇ ಹತ್ತಿತು, ತಲೆಯ ಪಕ್ಕದಲ್ಲೇ ಹಾದು ಹೋಯಿತು. ಆಗ ತಲೆ ಕಾಯುವ ಹ್ಯಾಲೋ ಇರಲಿಲ್ಲ. ಅದರ ಫೋಟೊ ನೋಡಿದಾಗ ನಿಜ ಹೇಳುತ್ತೇನೆ, ನಿನ್ನ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಹತ್ತು ರೇಸಾದ ಮೇಲೆ ಆ ಸೀಟು ಇನ್ನೊಬ್ಬರಿಗೆ ಹೋಯಿತು. 2011ರಲ್ಲಿ ಲೋಟಸ್ ತಂಡದಿಂದ ಜರ್ಮನಿಯಲ್ಲಿ ಇನ್ನೊಂದು. ಒಟ್ಟು ಹನ್ನೊಂದು, ಅಷ್ಟೇ. ನನಗೆ ತೀರಾ ಕಷ್ಟವೆನ್ನಿಸುವುದು ಆ ವರ್ಷದ ಅಕ್ಟೋಬರ್. ಭಾರತದಲ್ಲಿ ಮೊದಲ ಗ್ರ್ಯಾಂಡ್ ಪ್ರಿ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಶುಕ್ರವಾರದ ಅಭ್ಯಾಸಕ್ಕೆ ಮಾತ್ರ ಕಾರು ಕೊಟ್ಟರು. ಭಾನುವಾರ, ಮನೆಯಂಗಳದಲ್ಲೇ ಮದುವೆ, ಇವರು ಬರೀ ನೆಂಟರು.

ಮರುವರ್ಷವೇ ಲೆ ಮಾನ್‌ನ 24 ಗಂಟೆ ರೇಸಿಗೆ ಹೋದರು. ಒಂದು ಕಾರು, ಮೂವರು ಡ್ರೈವರ್‌ಗಳು, ರಾತ್ರಿಯಿಡೀ ಸರದಿ. ಡೇವಿಡ್ ಬ್ರಾಭಮ್, ಪೀಟರ್ ಡಂಬ್ರೆಕ್ ಜೊತೆ ಆರನೇ ಸ್ಥಾನ. ಅಲ್ಲಿ ರೇಸು ಓಡಿದ ಮೊದಲ ಭಾರತೀಯ ಇವರೇ. 2009ರಲ್ಲೇ ಆ ಹೆಸರು ನಾರಾಯಣ್ ಅವರಿಗೆ ಬರಬೇಕಿತ್ತು, ಪಾಪ, ರೇಸಿಗೆ ಮುಂಚೆ ಬಿದ್ದು ಭುಜ ಜಾರಿಸಿಕೊಂಡರು. ಆಮೇಲೆ ಫಾರ್ಮುಲಾ ಇ ಶುರುವಾದಾಗ ಮಹೀಂದ್ರ ಕಾರು. ಬೀಜಿಂಗ್‌ನ ಮೊದಲ ರೇಸಿನಲ್ಲಿ ಐದನೆಯವರು.

ನಡುನಡುವೆ ಮೈಕು. ಚಾನೆಲ್ 4, 2019ರಿಂದ ಸ್ಕೈ. ಹಿಂದಿನ ಸಾಲಿನ ಕಾರು ತಿರುವಿನಲ್ಲಿ ಒದ್ದಾಡುವುದನ್ನು ಇವರಷ್ಟು ಚೆನ್ನಾಗಿ ಬಿಡಿಸಿ ಹೇಳುವವರನ್ನು ನಾನಂತೂ ಕೇಳಿಲ್ಲ. ಗೆದ್ದವರು ಮಾತಾಡುವಾಗ ನನಗೆ ಕೆಲವು ಸಲ ಆಕಳಿಕೆ ಬರುತ್ತದೆ. ಸ್ಟಿಯರಿಂಗ್ ಪೂರ್ತಿ ಬಿಟ್ಟವರೂ ಅಲ್ಲ: 2017ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮ್ಯಾನ್ಸೆಲ್ 1992ರ ಚಾಂಪಿಯನ್ ಆದ ಮಾದರಿಯ ವಿಲಿಯಮ್ಸ್ ಕಾರನ್ನು ಓಡಿಸಿದರು.

ನಿನ್ನನ್ನು ಕೈಬಿಟ್ಟಿದ್ದು ನನಗೂ ಸಿಟ್ಟೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಕಾರಿನ ಬ್ರೇಕಿನ ಲೆಕ್ಕ ಮಾಡಿದವನು ನೀನು. ಜಡ್ಜ್‌ಗಳ ಮುಂದೆ ಗಡಿಬಿಡಿ ಮಾಡದೆ ನಿಧಾನವಾಗಿ ಹೇಳು. ಭಾನುವಾರ ಫೋನ್ ಮಾಡಿ ನನಗೊಮ್ಮೆ ಹೇಳಿ ತೋರಿಸು, ಅರ್ಥವಾಗದಿದ್ದರೆ ಬೈಯುತ್ತೇನೆ. ಹಾಂ, ನಿನ್ನ ಹೆಲ್ಮೆಟ್‌ನ ಒಳಬಟ್ಟೆ ತೆಗೆದು ಒಗೆಯಲು ಹಾಕು. ವಾಸನೆಗೆ ಚಿಕ್ಕಮ್ಮ ಆ ರೂಮಿಗೇ ಹೋಗುತ್ತಿಲ್ಲವಂತೆ.

ನಿನ್ನ ಅಕ್ಕ