ಅಟ್ಟದ ಮೇಲಿನ ಡೇರೆ ಗೆಡ್ಡೆ

ಹೂವು ಮುಗಿದ ಗಿಡವನ್ನು ಕಿತ್ತೆಸೆದು ಮುಂದಿನ ಮಳೆಗಾಲಕ್ಕೆ ಹೊಸದನ್ನು ಕೊಂಡರಾಯಿತಲ್ಲವೇ ಎಂದು ಮೊಮ್ಮಗಳು ಕೇಳಿದಾಗ, ಶಿರಸಿ ಸೀಮೆಯ ಹೆಂಗಸರು ಒಂದು ಕಾಲದಲ್ಲಿ ಡೇರೆ ಗೆಡ್ಡೆಗಳನ್ನು ಕಾಪಾಡುತ್ತಿದ್ದ ಬಗೆಯನ್ನು ಬರೆದಿಡಬೇಕೆನಿಸಿತು. ಮೆಕ್ಸಿಕೋದಿಂದ ಸ್ಪೇನಿಗೆ ಬಂದು, 1791ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲನ ನೆನಪಿಗೆ ಡೇಲಿಯಾ ಎಂಬ ನಾಮಕರಣವನ್ನು ಪಡೆದ ಈ ಪುಷ್ಪದ ಚರಿತ್ರೆಯನ್ನು ಗ್ರಂಥಗಳು ಹೇಳುತ್ತವೆ. ನಾನು ಹೇಳುವುದು ಕಣ್ಣಾರೆ ಕಂಡದ್ದನ್ನು.

ಕಾರ್ತಿಕದಲ್ಲಿ ಕಾಂಡಗಳು ಒಣಗಿದೊಡನೆ ನಮ್ಮ ದೊಡ್ಡಮ್ಮ ಅವನ್ನು ಗೇಣುದ್ದ ಉಳಿಸಿ ಕತ್ತರಿಸಿ, ದೂರದಿಂದಲೇ ಮಣ್ಣು ಸಡಿಲಿಸಿ, ಇಡೀ ಗೊಂಚಲನ್ನು ಹಸುಗೂಸನ್ನು ಎತ್ತಿಕೊಳ್ಳುವಂತೆ ಅಡಿಗೆ ಕೈಕೊಟ್ಟು ಎತ್ತುತ್ತಿದ್ದಳು. ಟೊಳ್ಳಾದ ಕಾಂಡದಲ್ಲಿ ನಿಂತ ನೀರು ಬುಡವನ್ನು ಕೊಳೆಸುವುದಾದ್ದರಿಂದ ಗೊಂಚಲನ್ನು ತಲೆಕೆಳಗಾಗಿ ನೆರಳಿನಲ್ಲಿ ಒಣಗಿಸಿ, ಗಾಯಗಳಿಗೆ ಒಲೆಯ ಬೂದಿಯನ್ನು ಸವರಿ, ಒಣಮರಳು ತುಂಬಿದ ಬುಟ್ಟಿಯಲ್ಲಿ ಅಟ್ಟಕ್ಕೇರಿಸುತ್ತಿದ್ದಳು. ಹೊಗೆ, ಬೂದಿ, ಒಣಗಿದ ಅಡಕೆ, ಇವೆಲ್ಲದರ ನಡುವೆ ಗೆಡ್ಡೆಯ ಹಸಿಮಣ್ಣಿನ ವಾಸನೆ ಬೆರೆತ ಆ ಅಟ್ಟದ ಗಂಧ ಈಗಲೂ ನನ್ನ ಉಸಿರಿನಲ್ಲಿದೆ.

ವೈಶಾಖದಲ್ಲಿ ಮೊದಲ ಮಳೆ ಬಿದ್ದು ಕಣ್ಣುಗಳು ಉಬ್ಬಿದ ಮೇಲಷ್ಟೇ ಗೆಡ್ಡೆಗಳನ್ನು ಬೇರ್ಪಡಿಸುವುದು. ಗೆಡ್ಡೆ ಎಷ್ಟೇ ಪುಷ್ಟವಾಗಿರಲಿ, ಕಣ್ಣಿರುವುದು ಅದು ಹಳೆಯ ಕಾಂಡವನ್ನು ಕೂಡುವ ಕೊರಳಿನಲ್ಲಿ. ಕೊರಳು ಮುರಿದದ್ದು ಮೊಳೆಯದು. ಪಕ್ಕದ ಮನೆಯಾಕೆ ಬಿಳಿಯಂಚಿನ ನೇರಳೆಯನ್ನು ಬೇಡಿ ಬಂದು, ಬದಲಿಗೆ ಎರಡು ಕೆಂಪು ಕೊಡುವೆನೆಂದಾಗ, "ಕೆಂಪು ನಮ್ಮ ಗೊಬ್ಬರಗುಂಡಿಯ ಹತ್ತಿರವೂ ಅರಳುತ್ತದೆ, ನಿನ್ನ ತವರಿನ ಹಳದಿ ತಾ" ಎಂದು ದೊಡ್ಡಮ್ಮ ಪಟ್ಟುಹಿಡಿದಳು. ಒಂದು ಕಣ್ಣಿಗೆ ಒಂದು ಕಣ್ಣು, ಇವಳದು ಕೊಳೆತರೆ ಅವಳು, ಅವಳದು ಕೊಳೆತರೆ ಇವಳು ತಿರುಗಿ ಕೊಡತಕ್ಕದ್ದು ಎಂದು ಕರಾರಾಯಿತು; ಹಣದ ಮಾತೇ ಬರಲಿಲ್ಲ. ಬೀಜದಿಂದ ಹುಟ್ಟಿದ ಗಿಡ ತಾಯಿಯ ಬಣ್ಣವನ್ನು ಉಳಿಸಿಕೊಳ್ಳದು. ಆದ್ದರಿಂದ ಒಂದು ಬಣ್ಣ ಹತ್ತು ಅಂಗಳಗಳಲ್ಲಿ ಹಂಚಿಹೋಗಿರುವುದೇ ಅದರ ಆಯುಸ್ಸಿಗೆ ಆಧಾರವಾಗಿತ್ತು.

ಆ ಕಾಲವನ್ನು ಸ್ವರ್ಗವೆಂದು ನಾನು ಹೇಳಲಾರೆ. ಥಂಡಿ ಹಿಡಿದ ವರ್ಷ ಅರ್ಧ ಬುಟ್ಟಿ ಕೊಳೆತುಹೋಗುತ್ತಿತ್ತು. ಅಂಗಳವಿಲ್ಲದ ಕೂಲಿಯವರ ಹೆಂಗಸರು ಬೇಲಿಯಾಚೆಯಿಂದಲೇ ನೋಡಿ ಹೋಗುತ್ತಿದ್ದರು. ಪೇಟೆಯ ಮುಖ ಕಾಣದ ದೊಡ್ಡಮ್ಮನಿಗೆ ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ವ್ಯವಹಾರ ಇದೊಂದೇ. ಗ್ಯಾಸಿನ ಒಲೆ ಅವಳ ಸೊಸೆಯರ ಕಣ್ಣುಗಳನ್ನು ಹೊಗೆಯಿಂದ ಬಿಡಿಸಿತು ಎಂಬುದೂ ನಿಜ. ಅದರೊಡನೆ ಬೂದಿ ಹೋಯಿತು, ತಾರಸಿಯ ಮನೆ ಬಂದು ಅಟ್ಟ ಹೋಯಿತು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಗೆಡ್ಡೆ ಬೆವರಿ ಕೊಳೆಯಿತು. ಈಗ ನರ್ಸರಿಯ ಕುಂಡದಲ್ಲಿ ಹೂಬಿಟ್ಟೇ ಬರುವ ಗಿಡ್ಡ ಗಿಡಗಳು ನವರಾತ್ರಿ ಕಳೆಯುತ್ತಲೇ ತಿಪ್ಪೆ ಸೇರುತ್ತವೆ.

ಬಿಳಿಯಂಚಿನ ಆ ನೇರಳೆ ಇಂದು ನಮ್ಮೂರಿನ ಯಾವ ಅಂಗಳದಲ್ಲಿಯೂ ಇಲ್ಲ. ಅದನ್ನು ಕೊಂದದ್ದು ನಮ್ಮ ಅಲಕ್ಷ್ಯ; ದುಡ್ಡು ಕೊಟ್ಟರೆ ಎಲ್ಲವೂ ಸಿಕ್ಕೀತೆಂದು ನಂಬಿ ಕುಳಿತವರಿಗೆ ಈ ನಷ್ಟ ನಷ್ಟವೆಂದೇ ತೋರುವುದಿಲ್ಲ.